ಬೇವಿನ ಗಿಡದ ತನಕ

ಹಂತಿ ಹಾಡು ನಾನು ಸಣ್ಣವನಿದ್ದಾಗ ಅಪ್ಪನ ಹಿಂದೆ ತಿರುಗುತ್ತ ಕಲಿತದ್ದು. ಕಣದ ನಡುವೆ ಮೇಟಿ, ಅದರ ಸುತ್ತ ಎತ್ತು, ಎತ್ತಿನ ಹಿಂದೆ ನಾವು. ರಾತ್ರಿಯೆಲ್ಲಾ ನಡೀತಾ ಹಾಡುವುದು. ಕುಂತು ಹಾಡು ಅಂದರೆ ನನಗೆ ಇವತ್ತಿಗೂ ಅದು ನೆಟ್ಟಗ ಬರೂದಿಲ್ಲ. ಈಗ ರಾಶಿ ಮಷೀನಿನ್ಯಾಗ ಆಗತದ, ಹಂತಿ ನಿಂತದ.

ಮನೆಯಾಕಿ ತೀರಿಕೊಂಡ ವರ್ಷ ನನ್ನ ಹಾಡೂ ನಿಂತಿತು. ನಿದ್ದೆ ಇಲ್ಲ, ಊಟ ಸೇರದು. ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದೆ. ನಮ್ಮ ವಳಸಂಗದಾಗ ಕೆಲವರು ಗಾಳಿ ಬಡದದ ಅಂದರು, ಕೆಲವರು ಮೈಗಳ್ಳ ಆಗ್ಯಾನ ಅಂದರು. ತಮ್ಮನ ಮಗ ಸೊಲ್ಲಾಪುರಕ್ಕೆ ಮನೋರೋಗದ ಡಾಕ್ಟರ ಕಡೆ ಕರಕೊಂಡು ಹೋದ.

ಡಾಕ್ಟರು, "ಕಾಕಾ, ಇದಕ್ಕ ಖಿನ್ನತೆ ಅಂತಾರ, ಇದೂ ಒಂದು ರೋಗ" ಅಂತ ಗುಳಿಗೆ ಬರೆದರು. ಜೊತೆಗೆ ದಿನಾ ಅರ್ಧ ತಾಸು ನಡೀರಿ ಅಂದರು. ನನಗೆ ಸಿಟ್ಟು ಬಂತು.

"ಸಾಹೇಬ್ರ, ಜಲ್ಮೆಲ್ಲಾ ಹೊಲದಾಗ ದುಡದಾಂವಗ ನಡೀ ಅಂತೀರಲ್ಲ?"

"ಈಗ ಹೊಲಕ್ಕ ಹೋಗ್ತೀರೇನು?"

ನನ್ನ ಕಡೆ ಉತ್ತರ ಇರಲಿಲ್ಲ.

ಮರುದಿನ ಮೊಮ್ಮಗಳು ಬೆರಳು ಹಿಡಿದು, "ಮುತ್ಯಾ, ಆ ಬೇವಿನ ಗಿಡದ ತನಕ ಅಷ್ಟೇ" ಅಂದಳು. ಹೋಗಿ ಬರುವುದರೊಳಗೆ ಕಾಲು ನಡುಗಿದವು. ಎಂಟು ದಿನಕ್ಕೆ ಗಿಡ ದಾಟಿದೆವು. ತಿಂಗಳಿಗೆ ಹೊಲದ ಬದುವಿಗೆ ಮುಟ್ಟಿದೆವು. ಒಂದು ದಿನ ನಡೀತಾ ನಡೀತಾ ಹಂತಿಯ ಒಂದು ನುಡಿ ತಾನಾಗಿ ಬಾಯಿಗೆ ಬಂತು. ಹುಡುಗಿ ತಿರುಗಿ ನೋಡಿತು.

ಅಲ್ಲೇ ನಾನು ತಪ್ಪು ಮಾಡಿದೆ. ಆರಾಮಾಯಿತು, ಇನ್ನು ನಡದರ ಸಾಕು ಅಂತ ಗುಳಿಗೆ ಬಿಟ್ಟೆ. ತಿಂಗಳೊಳಗೆ ನಿದ್ದೆ ಹೋಯಿತು, ಮತ್ತೆ ಅದೇ ಗೋಡೆ. ಡಾಕ್ಟರು ಬೈಯಲಿಲ್ಲ. "ಎರಡೆತ್ತಿನ ಬಂಡಿ ಒಂದೆತ್ತಿನ ಮ್ಯಾಲ ಹೋಗತದೇನು ಕಾಕಾ?" ಅಂದರು. ಆಮೇಲೆ ಗುಳಿಗೆ ಕಡಿಮೆ ಮಾಡಿದ್ದು ಅವರೇ, ನಾನಲ್ಲ.

ಬೆಂಗಳೂರಿನ ನಿಮ್ಹಾನ್ಸದಾಗ ಚೇತರಿಸಿಕೊಳ್ಳುವವರಿಗೆ ಯೋಗ ಕಲಿಸುತ್ತಾರೆ, ತೋಟದ ಕೆಲಸ, ಬೇಕರಿ ಕೆಲಸ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಚಟುವಟಿಕೆ ಬೇಕು ಅನ್ನುತ್ತದೆ. ಲೆಕ್ಕ ಹಾಕಿರಿ: ದಿನಕ್ಕೆ ಅರ್ಧ ತಾಸು, ಐದು ದಿನ. ಡಾಕ್ಟರ ಕಡೆ ಹೋಗಲು ಅಂಜಿಕೆ ಇದ್ದವರು 14416ಕ್ಕೆ ಫೋನು ಹಚ್ಚಬಹುದು. ಅದು ಸರಕಾರದ ಟೆಲಿ ಮಾನಸ್, ರೊಕ್ಕ ಬೀಳೂದಿಲ್ಲ, ಕನ್ನಡ ಮರಾಠಿ ಎರಡೂ ನಡೀತದ.

ಗುರುಗಳೇ, ಅಣ್ಣಗಳಿರಾ, ನಿಮ್ಮ ಓಣಿಯಾಗ ಯಾರಾದರೂ ಹಂಗ ಮಲಗಿದ್ದರೆ "ಎದ್ದು ದುಡಿ" ಅನ್ನಬ್ಯಾಡ್ರಿ. ಆ ಮಾತು ನಾನು ಬಾಳ ಕೇಳೀನಿ, ಅದರಿಂದ ಒಂದು ದಿನಾನೂ ಎದ್ದಿಲ್ಲ. ನೀವೇ ಕೆರ ಮೆಟ್ಟಿಕೊಂಡು ಅವರ ಬಾಗಿಲಿಗೆ ಹೋಗ್ರಿ. ಬೇವಿನ ಗಿಡದ ತನಕ ಹೋಗಿ ಬರೂಣ ಬಾ ಅನ್ರಿ.