ಒಂದಕ್ಷರದ ಪಾಠ

ಅಕ್ಷರವೆಂದರೆ ಅಳಿವಿಲ್ಲದುದು. ನಮ್ಮ ಲಿಪಿಯಲ್ಲಿ ಹಾಗೆ ಅಳಿಯದೆ ನಿಲ್ಲುವುದು ಧ್ವನಿ. ‘ಕ’ ಎಂಬುದು ಕಮಲದಲ್ಲಿಯೂ ಕತ್ತಲೆಯಲ್ಲಿಯೂ ‘ಕ’ ಎಂದೇ ನುಡಿಯುವುದು. ಏಕಾಕ್ಷರಕೋಶಗಳ ಮಾತನ್ನು ಬಿಟ್ಟರೆ, ಅರ್ಥವನ್ನು ಕೇಳಿದಾಗ ಅದು ಮೌನವಾಗಿರುವುದು. ಜಪಾನೀಯರು ಚೀನಾದಿಂದ ಪಡೆದ ಕಾಂಜಿ ಲಿಪಿಯಲ್ಲಿ ಈ ಧರ್ಮವು ತಿರುವುಮುರುವಾಗಿದೆ. ಅಲ್ಲಿ ಬಹುಮಟ್ಟಿಗೆ ನಿಲ್ಲುವುದು ಅರ್ಥ; ಸಂಚರಿಸುವುದು ಧ್ವನಿ.

ಅರುವತ್ತು ದಾಟಿದ ಮೇಲೆ ಈ ವಿದ್ಯೆ ಏತಕ್ಕೆಂದು ಮಿತ್ರರು ಕೇಳುತ್ತಾರೆ. ನನ್ನ ಮಗಳ ಸಂಸಾರವು ಜಪಾನಿನಲ್ಲಿ ನೆಲಸಿದೆ. ಮೊಮ್ಮಗಳು ಅಲ್ಲಿಯ ಶಾಲೆಯಲ್ಲಿ ಮೊದಲನೆಯ ತರಗತಿಯಲ್ಲಿದ್ದಾಳೆ. ಕನ್ನಡವನ್ನು ಆಡಬಲ್ಲಳು, ಓದಲರಿಯಳು; ಆಡುವ ಮಾತೂ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ. ಅವಳು ನನ್ನ ಅಕ್ಷರದ ಬಳಿಗೆ ಬರಬೇಕಾದರೆ ಮೊದಲು ನಾನು ಅವಳ ಅಕ್ಷರದ ಬಳಿಗೆ ಹೋಗಬೇಕೆಂದು ನಿಶ್ಚಯಿಸಿದೆನು. ಆ ತರಗತಿಗೆ ಗೊತ್ತುಪಡಿಸಿದ 80 ಕಾಂಜಿಗಳಲ್ಲಿ ಅವಳು ದೂರವಾಣಿಯ ತೆರೆಯ ಮೇಲೆ ನನಗೆ ಮೊದಲು ಬರೆದು ತೋರಿಸಿದುದು, ಹುಟ್ಟು, ಬಾಳು ಎಂಬ ಅರ್ಥವುಳ್ಳ ಅಕ್ಷರ.

ಅದಕ್ಕೆ ಗೆರೆಗಳು ಐದೇ: ಅಡ್ಡಗೆರೆ ಮೂರು, ಅವುಗಳ ನಡುವೆ ನೆಟ್ಟಗೆ ಒಂದು, ಎಡಗಡೆ ಮೇಲೆ ಓರೆಯಾಗಿ ಒಂದು. ಕ್ರಿ. ಶ. 100ರ ಸುಮಾರಿನಲ್ಲಿ ಚೀನಾದ ಷೂ ಷೆನ್ ಎಂಬ ಪಂಡಿತನು ರಚಿಸಿದ ಕೋಶವು, ಇದು ಮಣ್ಣಿನಿಂದ ಮೇಲಕ್ಕೇಳುವ ಸಸಿಯ ಚಿತ್ರವೆಂದು ವಿವರಿಸುತ್ತದೆ. ಕೆಳಗಿನ ಗೆರೆಯನ್ನು ನೆಲವೆಂದು ಭಾವಿಸಿದರೆ ಮೊಳಕೆಯು ತಾನಾಗಿಯೇ ಕಾಣುವುದು.

ಅರ್ಥವು ಸುಲಭ, ಉಚ್ಚಾರಣೆಯೇ ಕಠಿನ. ಜಪಾನ್ ಸರ್ಕಾರವು 2010ರಲ್ಲಿ ಪರಿಷ್ಕರಿಸಿದ 2136 ಅಕ್ಷರಗಳ ಪಟ್ಟಿಯಲ್ಲಿ ಇದೊಂದಕ್ಕೇ 12 ಓದುಗಳಿವೆ. ಅವುಗಳಲ್ಲಿ 2 ಚೀನೀ ಮೂಲದವು, 10 ದೇಶ್ಯಗಳು. ನಮ್ಮ ತತ್ಸಮ ದೇಶ್ಯಗಳಂತೆ. ಬೌದ್ಧಧರ್ಮದೊಡನೆ ಮೊದಲು ಬಂದ ಓದು ‘ಶೋ’. ಅನಂತರ ತಾಂಗ್ ಅರಸರ ರಾಜಧಾನಿಯ ನುಡಿಯಿಂದ ಬಂದುದು ‘ಸೇ’. ಹೊಸದು ಬಂದಿತೆಂದು ಹಳೆಯದನ್ನು ಅವರು ಬಿಡಲಿಲ್ಲ. ಆದಕಾರಣ ‘ಜಿನ್‌ಸೇ’ ಎಂದರೆ ಮಾನವಜೀವನ. ಆದರೆ ಬೌದ್ಧರ ಜನ್ಮ, ಜರಾ, ವ್ಯಾಧಿ, ಮರಣಗಳು ‘ಶೋ, ರೋ, ಬ್ಯೋ, ಶಿ’. ದೇಶ್ಯಗಳಲ್ಲಿ ‘ಇಕಿರು’ ಎಂದರೆ ಬದುಕುವುದು, ‘ಉಮಾರೆರು’ ಹುಟ್ಟುವುದು, ‘ಹಾಯೆರು’ ಮೊಳೆಯುವುದು, ‘ನಾಮಾ’ ಬೇಯಿಸದ ಹಸಿಯ ವಸ್ತು.

ಯಾವಾಗ ಯಾವುದು? ಒಂಟಿಯಾಗಿ ನಿಂತ ಅಕ್ಷರವು ಇದಕ್ಕೆ ಉತ್ತರ ಕೊಡದು. ಪಕ್ಕದ ಅಕ್ಷರವನ್ನೂ, ಹಿಂದೆ ಹತ್ತುವ ಪ್ರತ್ಯಯವನ್ನೂ ನೋಡಿ ತಿಳಿಯಬೇಕು. ಪಾಠಶಾಲೆಯಲ್ಲಿ ‘ಹೃ’ ಎಂಬ ಒಂದೇ ಧಾತು ಉಪಸರ್ಗಗಳ ಸಂಗದಿಂದ ಆಹಾರ, ವಿಹಾರ, ಸಂಹಾರ, ಪರಿಹಾರ ಎಂದು ಬೇರೆ ಬೇರೆ ಅರ್ಥಗಳಿಗೆ ಸಾಗುವುದನ್ನು ಓದಿದವನಿಗೆ ಇದು ಅಪರಿಚಿತವೆನಿಸದು. ಅಲ್ಲಿ ಸಂಗದಿಂದ ಅರ್ಥವು ಬದಲಾದರೆ, ಇಲ್ಲಿ ಧ್ವನಿಯು ಬದಲಾಗುವುದು.

ನನ್ನ ಮನಸ್ಸು ಹೆಚ್ಚಾಗಿ ನಿಂತುದು ಎರಡು ಶಬ್ದಗಳಲ್ಲಿ. ‘ಸೆನ್‌ಸೇ’ ಎಂದರೆ ಗುರು. ಅಕ್ಷರಶಃ, ಮುಂಚೆ ಹುಟ್ಟಿದವನು. ‘ಗಾಕುಸೇ’ ಎಂದರೆ ವಿದ್ಯಾರ್ಥಿ. ಕಲಿಕೆಯೆಂಬ ಅಕ್ಷರದ ಪಕ್ಕದಲ್ಲಿ ಅದೇ ಮೊಳಕೆ. ಮೂವತ್ತು ವರ್ಷಕ್ಕೂ ಮಿಕ್ಕು ಪಾಠ ಹೇಳಿದವನಿಗೆ ಈ ಸಾಮ್ಯವು ಸಣ್ಣ ಮಾತಲ್ಲ. ಆದರೆ ನನ್ನ ಸೆನ್‌ಸೇ ನನಗಿಂತ ಬಹಳ ತಡವಾಗಿ ಹುಟ್ಟಿದವಳು! ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ, ಅಂಗಿರಸನ ಮಗನಾದ ಬಾಲಕನು ಪಿತೃಸಮಾನರಿಗೆ ಪಾಠ ಹೇಳುತ್ತ ಅವರನ್ನು ‘ಮಕ್ಕಳಿರಾ’ ಎಂದು ಕರೆದ ಕಥೆಯುಂಟು. ಸಿಟ್ಟಾದ ಹಿರಿಯರು ದೇವತೆಗಳನ್ನು ಕೇಳಲು, ಹುಡುಗನು ನುಡಿದುದೇ ನ್ಯಾಯವೆಂದು ಅವರು ತೀರ್ಪಿತ್ತರು.

ಈಗ ನಮ್ಮೊಳಗೆ ಒಂದು ಒಪ್ಪಂದವಾಗಿದೆ: ಅವಳು ಒಂದು ಕಾಂಜಿಯನ್ನು ಹೇಳಿದರೆ ನಾನು ಒಂದು ಕನ್ನಡದ ಅಕ್ಷರವನ್ನು ಹೇಳುವುದು. “ಅಜ್ಜಾ, ನಿನ್ನ ಅಕ್ಷರಕ್ಕೆ ಒಂದೇ ಓದು, ಎಷ್ಟು ಸುಲಭ!” ಎನ್ನುತ್ತಾಳೆ. ‘ಕ’ದಿಂದ ‘ಮ’ದವರೆಗೆ ಬಂದಿದ್ದಾಳೆ. ‘ಮೊಳಕೆ’ ಎಂಬ ಮಾತನ್ನು ಬರೆಯಲು ಇನ್ನು ‘ಳ’ ಒಂದನ್ನು ಕಲಿಯಬೇಕು.