ಗೊಟಗೋಡಿಯ ಮಾತಿಲ್ಲದ ಊರು

‘ಥೀಮ್ ಪಾರ್ಕ್’ ಎಂಬ ಮಾತಿಗೆ ಕನ್ನಡದಲ್ಲಿ ನೆಟ್ಟಗಿನದೊಂದು ಹೆಸರು ಇನ್ನೂ ನೆಲೆಗೊಂಡಂತಿಲ್ಲ. ವಿಹಾರಧಾಮವೆಂದರೆ ಅರ್ಥ ಸಡಿಲವಾಗುತ್ತದೆ, ಉದ್ಯಾನವೆಂದರೆ ಹೂಗಿಡಗಳಷ್ಟೇ ಕಣ್ಣಮುಂದೆ ಬರುತ್ತವೆ. ನಮ್ಮ ಮನೆಯ ಮಕ್ಕಳಿಗಂತೂ ಈ ಶಬ್ದ ಕೇಳಿದೊಡನೆ ಗರಗರನೆ ತಿರುಗುವ ತೊಟ್ಟಿಲು, ನೀರಿನ ಜಾರುಬಂಡೆ, ಕಿವಿಗಡಚಿಕ್ಕುವ ಕೂಗಾಟ ಇವೇ ನೆನಪಾಗುತ್ತವೆ. ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾಕ್ಕೆ ಒಮ್ಮೆ ಅವರೊಡನೆ ನಾನೂ ಹೋಗಿದ್ದುಂಟು. ಅಂಥ ಸ್ಥಳಗಳಲ್ಲಿ ಅರವತ್ತು ದಾಟಿದವರಿಗೆ ಇರುವ ಉದ್ಯೋಗವೆಂದರೆ ಉಳಿದವರ ಚೀಲ, ಚಪ್ಪಲಿ ಕಾಯುವುದು. ಅದನ್ನು ನಾನು ನಿಷ್ಠೆಯಿಂದ ಮಾಡಿ ಬಂದೆ.

ಆದುದರಿಂದ 2023ರ ದೀಪಾವಳಿ ಮುಗಿದ ವಾರದಲ್ಲಿ ಮಗನು ಗೊಟಗೋಡಿಗೆ ಹೋಗೋಣವೆಂದಾಗ ನನಗೆ ಹೆಚ್ಚಿನ ಉತ್ಸಾಹವಿರಲಿಲ್ಲ. ಹಬ್ಬಕ್ಕೆಂದು ಬಂದಿದ್ದ ನನ್ನ ಅಕ್ಕ ಮಾತ್ರ ಎಲ್ಲರಿಗಿಂತ ಮೊದಲು ಸೀರೆ ಉಟ್ಟು, ಮೊಮ್ಮಗಳನ್ನು ಕರೆದುಕೊಂಡು ಕಾರಿನಲ್ಲಿ ಕುಳಿತುಬಿಟ್ಟಿದ್ದಳು. ಅವಳಿಗೆ ಎಪ್ಪತ್ತು ವರ್ಷ, ನನಗಿಂತ ನಾಲ್ಕು ವರ್ಷ ಹಿರಿಯಳು. ಮಂಡಿನೋವಿನ ನೆಪವನ್ನು ಅವಳು ಮನೆಗೆಲಸಕ್ಕೆ ಎಂದೂ ಹೇಳಿದವಳಲ್ಲ, ತಿರುಗಾಟಕ್ಕೂ ಹೇಳಲಿಲ್ಲ.

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿ ಗೊಟಗೋಡಿ ಗ್ರಾಮ ಸಿಗುತ್ತದೆ. ಅಲ್ಲಿರುವುದು ಉತ್ಸವ ರಾಕ್ ಗಾರ್ಡನ್. ಹೆಸರು ಹೀಗಿದ್ದರೂ ಅದು ಬಂಡೆಗಳ ತೋಟವಲ್ಲ. ಉತ್ತರ ಕರ್ನಾಟಕದ ಹಳ್ಳಿಯ ಬಾಳನ್ನು ಆಳೆತ್ತರದ ಸಿಮೆಂಟು ಶಿಲ್ಪಗಳಲ್ಲಿ ನಿಲ್ಲಿಸಿದ ಊರು ಎಂದರೆ ಹೆಚ್ಚು ಸರಿ. ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆ ಅದು. ಚಿತ್ರ, ಶಿಲ್ಪ, ದೊಡ್ಡಾಟ ಮೂರನ್ನೂ ಒಂದೇ ಜೀವದಲ್ಲಿ ಇಟ್ಟುಕೊಂಡು ಬಾಳಿದವರು ಅವರು. ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದಾಗಲೇ 2020ರಲ್ಲಿ ತೀರಿಕೊಂಡರು. ವೇಷಗಾರರನ್ನು ಬಲ್ಲ ಕೈಯೇ ಈ ಆಕೃತಿಗಳನ್ನು ಮಾಡಿದ್ದೆಂಬುದು ನೋಡಿದೊಡನೆ ತಿಳಿಯುತ್ತದೆ. ಪ್ರತಿಯೊಂದರ ನಿಲುವಿನಲ್ಲಿಯೂ ಮುಂದಿನ ಕ್ಷಣದ ಚಲನೆ ಅಡಗಿರುತ್ತದೆ. ವರನಟ ರಾಜಕುಮಾರರ ನಾನಾ ಪಾತ್ರಗಳ ಪ್ರತಿಮೆಗಳೂ ಅಲ್ಲಿವೆ. ಮಕ್ಕಳು ಮೊಬೈಲು ಹಿಡಿದು ಅಲ್ಲಿಯೇ ಅರ್ಧ ಗಂಟೆ ಕಳೆದರು.

ಒಳಗಿನ ಬೀದಿಗೆ ಕಾಲಿಟ್ಟಾಗ ಮೊದಲು ಮನಸ್ಸನ್ನು ತಟ್ಟಿದ್ದು ಮೌನ. ಕಮ್ಮಾರನ ಸುತ್ತಿಗೆ ಮೇಲೆದ್ದಿದೆ, ಇಳಿಯುವುದಿಲ್ಲ. ಕುಂಬಾರನ ತಿಗರಿ ತಿರುಗುವುದಿಲ್ಲ. ಮಾತಿನ ನಡುವೆ ತೆರೆದ ಬಾಯಿ ಮುಚ್ಚಲಿಲ್ಲ. ಹಳ್ಳಿಯಲ್ಲಿ ಹುಟ್ಟಿದವರಿಗೆ ಗೊತ್ತು, ಕಣ್ಣು ಮುಚ್ಚಿದರೂ ಹೊತ್ತು ಎಷ್ಟಾಯಿತೆಂಬುದನ್ನು ಸಪ್ಪಳವೇ ಹೇಳುತ್ತಿತ್ತು. ಇಲ್ಲಿ ಕಣ್ಣಿಗೆ ಊರು ತುಂಬಿದೆ, ಕಿವಿಗೆ ಊರೇ ಇಲ್ಲ. ಯಾವುದೋ ಕಾಗೆಯೊಂದು ಕೂಗಿದಾಗ ನನಗೆ ಒಮ್ಮೆಲೇ ಮೈ ಜುಮ್ಮೆಂದಿತು.

ಸ್ವಲ್ಪ ದೂರ ನಡೆದು ಆಯಾಸವೆನಿಸಿ ಒಂದು ಕಟ್ಟೆಯ ಮೇಲೆ ಕುಳಿತೆ. ನನ್ನ ಉಡುಪು ಎಂದಿನದೇ. ಬಿಳಿಯ ಧೋತರ, ನಿಲುವಂಗಿ, ಹೆಗಲ ಮೇಲೆ ಶಾಲು, ಹಣೆಯ ಮೇಲೆ ವಿಭೂತಿ. ಮಠದ ಪಾಠಶಾಲೆಯಲ್ಲಿ ಚಿಕ್ಕಂದಿನಲ್ಲಿ ಕಲಿತ ಕೂಡುವ ಕ್ರಮವೊಂದಿದೆ, ಬೆನ್ನು ನೆಟ್ಟಗಿಟ್ಟು ಕೈಗಳನ್ನು ತೊಡೆಯ ಮೇಲಿರಿಸಿ ಅಲುಗದೆ ಕೂಡುವುದು. ಇಂದಿಗೂ ವಿಶ್ರಾಂತಿಗೆಂದು ಕುಳಿತರೆ ದೇಹ ತಾನಾಗಿ ಹಾಗೆಯೇ ಕೂಡುತ್ತದೆ. ಅಷ್ಟರಲ್ಲಿ ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳ ಹಿಂಡೊಂದು ಬೀದಿಯನ್ನು ಹೊಕ್ಕಿತು. ಅವರಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ನನ್ನೆದುರು ನಿಂತು ಮುಖವನ್ನು ದಿಟ್ಟಿಸಿ ನೋಡಿದ. ಬಳಿಕ ಬೆನ್ನ ಹಿಂದೆ ಹೋಗಿ ನೋಡಿದ. ಗೆಳೆಯನನ್ನು ಕರೆದು, “ಇದನ್ನ ಬಾಳ ಚಲೋ ಮಾಡ್ಯಾರಲೇ, ಕೂದಲಾ ಸೈತ ಹಚ್ಚ್ಯಾರ” ಎಂದ. ನನ್ನ ಮೊಣಕಾಲನ್ನು ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದ.

“ಇನ್ನೂ ಜೀವ ಐತಪಾ, ಸಾವಕಾಶ ಒತ್ತು” ಎಂದೆ.

ಹುಡುಗ ಹೌಹಾರಿ ಓಡಿದ ಓಟವನ್ನು ನೋಡಿ ಅವನ ಗುರುಗಳೂ ನಗೆ ತಡೆಯದಾದರು. ಪಾಪ, ಬಂದು ಕ್ಷಮೆ ಕೇಳಿದರು. ಕ್ಷಮೆ ಯಾತಕ್ಕೆ? ನನಗೂ ನಗುವೇ ಬಂದಿತು. ಆದರೆ ಅವರು ಮುಂದೆ ಹೋದ ಮೇಲೆ ನಗೆಯ ಹಿಂದೆಯೇ ಬೇರೊಂದು ಭಾವವೂ ಬಂದಿತು. ಆ ಮಗುವಿನ ಪಾಲಿಗೆ ಧೋತರವುಟ್ಟ ಮುದುಕ, ತಿದಿಯೂದುವ ಕಮ್ಮಾರ, ತಿಗರಿಯ ಮುಂದಿನ ಕುಂಬಾರ ಎಲ್ಲರೂ ಒಂದೇ ವರ್ಗ. ಟಿಕೀಟು ಕೊಂಡು ನೋಡುವ ವರ್ಗ. ನಾವು ಇನ್ನೂ ಇದ್ದೇವೆಂಬುದೇ ಅವನಿಗೆ ಆಶ್ಚರ್ಯ.

ಹೀಗೆ ಮರೆಯಾಗುತ್ತಿರುವ ಬಾಳನ್ನು ಕಟ್ಟಿ ನಿಲ್ಲಿಸಿ ತೋರಿಸುವ ಹಂಬಲ ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಆರ್ತುರ್ ಹಸೇಲಿಯಸ್ ಎಂಬಾತ 1891ರಷ್ಟು ಹಿಂದೆಯೇ ಹಳೆಯ ರೈತಮನೆಗಳನ್ನು ಊರೂರುಗಳಿಂದ ಬಿಚ್ಚಿ ತಂದು ‘ಸ್ಕಾನ್ಸೆನ್’ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ಕಟ್ಟಿದ. ಕಾರಖಾನೆಗಳ ಹೊಗೆಯಲ್ಲಿ ಹಳ್ಳಿ ಕರಗಿಹೋಗುವುದೆಂಬ ಭಯ ಆತನದು. ಜಗತ್ಪ್ರಸಿದ್ಧವಾದ ಡಿಸ್ನಿಲ್ಯಾಂಡ್ ಕೂಡ ಬರಿಯ ಆಟದ ಬಯಲಲ್ಲ. ವಾಲ್ಟ್ ಡಿಸ್ನಿ ಬಾಲ್ಯದಲ್ಲಿ 1906ರಿಂದ ಸುಮಾರು ಐದು ವರ್ಷ ಮಿಸೌರಿ ರಾಜ್ಯದ ಮಾರ್ಸೆಲೀನ್ ಎಂಬ ಚಿಕ್ಕ ಊರಿನಲ್ಲಿದ್ದ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ತನ್ನ ವಿಹಾರಧಾಮವನ್ನು ತೆರೆದಾಗ ಅದರ ಹೆಬ್ಬಾಗಿಲಿನಲ್ಲಿಯೇ ಆ ಊರಿನ ನೆನಪಿನಿಂದ ಹುಟ್ಟಿದ ಪೇಟೆಬೀದಿಯೊಂದನ್ನು ಇರಿಸಿದ. ಅಲ್ಲಿನ ಕಟ್ಟಡಗಳ ಮೇಲಂತಸ್ತುಗಳನ್ನು ಕೆಳ ಅಂತಸ್ತಿಗಿಂತ ಚಿಕ್ಕ ಪ್ರಮಾಣದಲ್ಲಿ ಕಟ್ಟಲಾಗಿದೆ. ಹಾಗೆ ಮಾಡಿದರೆ ಮನೆಗಳು ಇದ್ದುದಕ್ಕಿಂತ ಎತ್ತರವಾಗಿ ಕಾಣುತ್ತವೆ, ಆದರೂ ಬೀದಿ ಅಂಜಿಸುವುದಿಲ್ಲ, ಆಪ್ತವಾಗಿಯೇ ಇರುತ್ತದೆ. ನೆನಪು ಮಾಡುವ ಕೆಲಸವನ್ನೇ ಅಲ್ಲಿನ ಶಿಲ್ಪಿಗಳು ಇಟ್ಟಿಗೆಯಲ್ಲಿ ಮಾಡಿದರು. ಬಾಲ್ಯದ ಊರಿನ ಕೆಸರು, ಸಾಲ, ಜಡ್ಡುಜಾಪತ್ತುಗಳನ್ನು ನೆನಪು ಹೊರಗೆ ನಿಲ್ಲಿಸಿ ಬಂದಿರುತ್ತದೆ.

ಇದನ್ನೆಲ್ಲ ಯೋಚಿಸುತ್ತ ನಾನು ಎದ್ದು ಹೋಗುವಷ್ಟರಲ್ಲಿ ಅಕ್ಕ ಒಂದು ಕಡೆ ನಿಂತುಬಿಟ್ಟಿದ್ದಳು. ಅವಳೆದುರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣಿನ ಆಕೃತಿಯಿತ್ತು.

ಚಿಕ್ಕವರಿಗಾಗಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಜೋಳದ ಹಿಟ್ಟನ್ನು ಹೆಚ್ಚು ದಿನ ಇಟ್ಟರೆ ಅದರ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿ ಹರಿಯುತ್ತದೆ. ಆದುದರಿಂದ ಗಿರಣಿ ಬರುವವರೆಗೆ ಮನೆಮನೆಯಲ್ಲಿ ಬೆಳಕು ಹರಿಯುವ ಮುನ್ನ ಆ ದಿನದ ಹಿಟ್ಟನ್ನು ಆ ದಿನವೇ ಬೀಸಿಕೊಳ್ಳಬೇಕಾಗಿತ್ತು. ನಮ್ಮ ಮನೆಯಲ್ಲಿ ಉಣ್ಣುವವರು ಒಂಬತ್ತು ಜನ. ನಿತ್ಯವೂ ಮೂರು ಸೇರು ಜೋಳ. ಬೀಸುವ ಪದಗಳನ್ನು ಸಂಗ್ರಹಿಸಿದವರು ಅವುಗಳ ಸೊಗಸನ್ನು ಬಹಳವಾಗಿ ಕೊಂಡಾಡಿದ್ದಾರೆ, ನಾನೂ ಸಭೆಗಳಲ್ಲಿ ಕೊಂಡಾಡಿದ್ದೇನೆ. ಆ ಮೂರು ಸೇರಿನ ಲೆಕ್ಕ ಮಾತ್ರ ಸಭೆಗಳಲ್ಲಿ ಬರುವುದಿಲ್ಲ.

ಅಕ್ಕ ಆಕೃತಿಯನ್ನು ಸುತ್ತಿ ಬಂದು ಮೆಚ್ಚಿಕೊಂಡಳು. “ಕುಂತಿದ್ದು ನೋಡಪಾ ತಮ್ಮಾ. ಒಂದು ಕಾಲು ಚಾಚ್ಯಾಳ, ಒಂದು ಮಡಚ್ಯಾಳ. ಇದನ್ನ ಮಾಡಿದಾಂವ ಎಲ್ಲೋ ಕುಂತು ತನ್ನ ಅವ್ವ ಬೀಸೂದನ್ನ ನೋಡ್ಯಾನ.” ಆಮೇಲೆ ತುಸು ಹೊತ್ತು ಸುಮ್ಮನಿದ್ದು, “ಆದರ ಇಕಿ ಕಣ್ಣಾಗ ನಿದ್ದಿ ಇಲ್ಲ” ಎಂದಳು.

ಒಂಬತ್ತನೆಯ ತರಗತಿಯಲ್ಲಿ ಓದುವ ಅವಳ ಮೊಮ್ಮಗಳು ಕೇಳಿದಳು, “ಅಜ್ಜಿ, ಅಜ್ಜ ಇಷ್ಟೆಲ್ಲಾ ಓದ್ಯಾರ. ನೀ ಯಾಕ ಸಾಲೀಗೆ ಹೋಗಲಿಲ್ಲ?”

“ಹೋಗಿದ್ದೆನಲ್ಲ, ಮೂರನೇತ್ತೆ ತನಕಾ. ಆಮ್ಯಾಲೆ ಅವ್ವಗ ಎದಿಬ್ಯಾನಿ ಬಂತು. ಬೀಸಾವರು ಯಾರು?”

ಅವಳ ದನಿಯಲ್ಲಿ ದೂರು ಇರಲಿಲ್ಲ, ಬೇಕೆಂದರೆ ಯಾರಾದರೂ ಬೇರೆ ಉತ್ತರ ಹೇಳಲಿ ಎಂಬಂತಿತ್ತು. ಹೇಳುವವರು ಯಾರೂ ಇರಲಿಲ್ಲ. ಅವಳು ಕಲ್ಲಿನ ಮುಂದೆ ಕುಳಿತ ವರ್ಷಕ್ಕೂ ನನ್ನನ್ನು ಮಠದ ಸಂಸ್ಕೃತ ಪಾಠಶಾಲೆಗೆ ಕಳಿಸಿದ ವರ್ಷಕ್ಕೂ ನಾಲ್ಕೇ ವರ್ಷದ ಅಂತರ. ರಜೆಯಲ್ಲಿ ನಾನು ಊರಿಗೆ ಬಂದಾಗಲೂ ಬೆಳಗಿನ ಜಾವ ಎದ್ದು ಪಾಠ ಒಪ್ಪಿಸಿಕೊಳ್ಳಬೇಕೆಂದು ಗುರುಗಳ ಕಟ್ಟಪ್ಪಣೆಯಿತ್ತು. ಮನೆಯಲ್ಲಿ ಇದ್ದುದು ಒಂದೇ ಚಿಮಣಿ ದೀಪ. ಅದು ನನ್ನ ಪುಸ್ತಕದ ಬಳಿ. ಬೀಸುವವಳಿಗೆ ದೀಪದ ಹಂಗಿಲ್ಲವೆಂದು ಅಪ್ಪ ಹೇಳುತ್ತಿದ್ದರು. ಒಂದೇ ಪಡಸಾಲೆಯ ಈ ಮೂಲೆಯಲ್ಲಿ ನನ್ನ ಬಾಯಿಪಾಠ, ಕತ್ತಲೆಯ ಆ ಮೂಲೆಯಲ್ಲಿ ಕಲ್ಲಿನ ಗುರುಗುರು. ಐದು ವರ್ಷ ರಜೆಯೆಲ್ಲ ಹೀಗೆಯೇ ಕಳೆಯಿತು. ಅನಂತರ ಅವಳಿಗೆ ಮದುವೆಯಾಯಿತು.

ಅಕ್ಕ ಬಗ್ಗಿ ಸಿಮೆಂಟಿನ ಕಲ್ಲಿನ ಗೂಟದ ಮೇಲೆ ಕೈಯಿಟ್ಟಳು. ಅದು ತಿರುಗುವಂಥದಲ್ಲ. ಆದರೂ ಅವಳ ಭುಜ ತೂಗತೊಡಗಿತು. ಏನೋ ಹಳೆಯ ಪದ ಹಾಡುತ್ತಾಳೆಂದು ಮಕ್ಕಳು ಮೊಬೈಲು ಸಿದ್ಧ ಮಾಡಿಕೊಂಡರು. ಅವಳು ಹಾಡಲಿಲ್ಲ. ಆ ತೂಗಾಟದ ಲಯಕ್ಕೆ ಸರಿಯಾಗಿ, ಸಂಸ್ಕೃತ ಕಲಿಯುವ ಎಲ್ಲ ಮಕ್ಕಳೂ ಮೊದಲು ಉರುಹೊಡೆಯುವ ರಾಮಶಬ್ದದ ರೂಪಗಳನ್ನು ಹೇಳತೊಡಗಿದಳು. ಪ್ರಥಮಾ ವಿಭಕ್ತಿಯ ಏಕವಚನ, ದ್ವಿವಚನ, ಬಹುವಚನ. ಆಮೇಲೆ ದ್ವಿತೀಯಾ. ಮುಂದೆ ತೃತೀಯಾ. ಎಲ್ಲಿಯೂ ತಡವರಿಸದೆ ಸಪ್ತಮಿಯವರೆಗೆ ಬಂದು ನಿಂತಳು. ವಿಸರ್ಗಗಳು ಕೂಡ ಶುದ್ಧವಾಗಿದ್ದವು. ಒಂದೆರಡು ಕಡೆ ನಾನು ಬಾಲ್ಯದಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದಲ್ಲಿಯೇ ಅವಳೂ ಎಳೆದುಕೊಂಡಳು.

ನಾನು ಮೂವತ್ತೆರಡು ವರ್ಷ ಪಾಠ ಹೇಳಿದವನು. ಇಂಥ ಒಪ್ಪಿಸುವಿಕೆಯನ್ನು ಕೇಳಿದ್ದು ವಿರಳ. ಮೊಮ್ಮಗಳ ಕೈಯಲ್ಲಿನ ಮೊಬೈಲು ಇಳಿದುಹೋಗಿತ್ತು. ಅತ್ತ ನಿಂತಿದ್ದ ಯಾರೋ ಹೆಣ್ಣುಮಗಳೊಬ್ಬಳು ಅದನ್ನು ಮಂತ್ರವೆಂದು ಬಗೆದು ಕೈಮುಗಿದಳು.

“ಅಕ್ಕಾ, ಇದನ್ನ ಯಾವಾಗ ಕಲಿತಿ?” ಎಂದೆ.

“ಕಲಿಯೂದು ಎಲ್ಲಿ ಬಂತು? ನೀ ಬಾಯಿಪಾಠ ಮಾಡೂದು, ನಾ ಬೀಸೂದು. ಕಿವ್ಯಾಗ ಬಿದ್ದದ್ದು ಉಳಿದೈತಿ. ಗಂಡನ ಮನ್ಯಾಗ ಬೀಸುವಾಗ ಇದನ್ನ ಅಂದುಕೋತ ಬೀಸಿದರ ಹೊತ್ತು ಹೋಗತಿತ್ತು. ನಮ್ಮತ್ತಿ ದೇವರ ಹೆಸರು ಅಂತ ತಿಳಕೊಂಡು ಸುಮ್ಮನಾಗತಿದ್ಲು.” ಸ್ವಲ್ಪ ತಡೆದು, “ಇದರ ಅರ್ಥ ಏನಪಾ? ಭಾಳ ವರ್ಷದಿಂದ ಕೇಳಬೇಕಂತ ಇದ್ದೆ. ನಿನ್ನ ಸುತ್ತ ಯಾವಾಗ ನೋಡಿದರೂ ಮಂದಿ” ಎಂದಳು.

ಹತ್ತಿರದ ನೆರಳಿನಲ್ಲಿ ಕುಳಿತೆವು. ಶ್ಲೋಕವಾಗಿದ್ದರೆ ಅರ್ಥ ಹೇಳುವುದು ಸುಲಭವಿತ್ತು. ಇದು ವ್ಯಾಕರಣ. ಹೇಗೆ ಹೇಳಲಿ ಎಂದು ಯೋಚಿಸಿ ಅವಳ ಎದುರಿಗಿದ್ದ ಕಲ್ಲನ್ನೇ ತೆಗೆದುಕೊಂಡೆ. ಕಲ್ಲು ಇದೆ. ಕಲ್ಲನ್ನು ತಿರುವುತ್ತೀ. ಕಲ್ಲಿನಿಂದ ಹಿಟ್ಟು ಮಾಡುತ್ತೀ. ಕಲ್ಲಿಗೆ ಕಾಳು ಹಾಕುತ್ತೀ. ಕಲ್ಲಿನ ಬಾಯಿ, ಕಲ್ಲಿನಲ್ಲಿ ಉಳಿದ ನುಚ್ಚು. ಒಂದೇ ಹೆಸರು, ಕೆಲಸಕ್ಕೆ ತಕ್ಕಂತೆ ಅದರ ಬಾಲ ಬೇರೆಯಾಗುತ್ತದೆ. ಅದನ್ನೇ ರಾಮನೆಂಬ ಹೆಸರಿಗೆ ಹಚ್ಚಿ ಹೇಳುವುದು ಈ ಪಾಠ.

ಅವಳು ಬಾಯಿಗೆ ಸೆರಗು ಹಿಡಿದು ಬಹಳ ಹೊತ್ತು ನಕ್ಕಳು. “ಇಷ್ಟೇನಾ? ಇದನ್ನ ನಾವು ದಿನಾ ಮಾತಾಡತೀವಲ್ಲೋ! ಇದಕ್ಕ ನಿನ್ನ ಅಷ್ಟು ದೂರ ಕಳಿಸಿದ್ರೇನು?”

ಮಕ್ಕಳೂ ನಕ್ಕರು, ನಾನೂ ನಕ್ಕೆ. ಆದರೂ ಅವಳು ಬಿಡಲಿಲ್ಲ. ಪ್ರತಿಯೊಂದನ್ನೂ ಮೂರು ಮೂರು ಸಲ ಏಕೆ ಹೇಳುತ್ತಾರೆಂದು ಕೇಳಿದಳು. ಮೊದಲನೆಯದು ಒಬ್ಬನಿಗೆ, ನಡುವಿನದು ಇಬ್ಬರಿಗೆ, ಕೊನೆಯದು ಹಲವರಿಗೆ ಎಂದೆ. ನಮ್ಮ ಕನ್ನಡದಲ್ಲಿ ಒಂದು ಮತ್ತು ಹಲವು ಎರಡೇ, ಸಂಸ್ಕೃತದಲ್ಲಿ ಇಬ್ಬರಿಗೆ ಬೇರೆಯೇ ರೂಪವುಂಟು ಎಂದೂ ಹೇಳಿದೆ. ಈ ಸಲ ಅವಳು ನಗಲಿಲ್ಲ. ಆಕೃತಿಯ ಎದುರಿನ ಬರಿದಾದ ಜಾಗವನ್ನು ನೋಡುತ್ತ, “ಅದು ಖರೇನ ಐತಿ. ಒಬ್ಬಾಕಿ ಬೀಸೂದ ಬ್ಯಾರೆ, ಎದುರಬದುರ ಇಬ್ಬರು ಕುಂತು ಬೀಸೂದ ಬ್ಯಾರೆ. ಅವ್ವ ಆರಾಮಿದ್ದಾಗ ಕಲ್ಲು ಹಗುರಿತ್ತು” ಎಂದಳು.

ಸಂಬೋಧನ ವಿಭಕ್ತಿಯೊಂದು ಉಳಿದಿತ್ತು. ಅದನ್ನೂ ಹೇಳಿಕೊಡೆಂದು ಕೇಳಿ, ಮೂರು ಸಲ ನನ್ನಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡಳು. ಅಷ್ಟು ಹೊತ್ತಿಗೆ ಸೊಸೆ ಬುತ್ತಿ ಬಿಚ್ಚಿ ಕರೆಯುತ್ತಿದ್ದಳು. ಅಕ್ಕ ನನ್ನ ಕೈಹಿಡಿದು ಎದ್ದಳು. ಮೊಮ್ಮಗಳಿಗೆ ನೀರಿನ ಬಾಟ್ಲಿ ತಾ ಎಂದಳು. ಉಂಡಾದ ಮೇಲೆ ಕಮ್ಮಾರನನ್ನು ಮತ್ತೊಮ್ಮೆ ನೋಡಬೇಕು, ಅವನ ತಿದಿ ನಮ್ಮೂರ ತಿದಿಯಂತೆ ಇಲ್ಲ ಎಂದು ಹೇಳುತ್ತ ಮುಂದೆ ನಡೆದಳು.