ಒಂದು ಲೋಟ, ಮೂರು ಚಮಚ

ಮಂಗಳೂರಿನಲ್ಲಿ ಹುಟ್ಟಿ ಬೆಳೆದು ಬೆಂಗಳೂರಿನಲ್ಲಿ ನೆಲೆಸಿದವರ ಎದುರು ಐಸ್‌ಕ್ರೀಮಿನ ಮಾತೆತ್ತಬಾರದು. ಎತ್ತಿದಿರೋ, ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ಅಬ್ಬಿಗೆರೆಯ ಈ ಅಪ್ಪನೂ ಅಂಥವರಲ್ಲಿ ಒಬ್ಬರು. ಜಾಲಹಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ, ಮೂವತ್ತು-ನಲವತ್ತರ ಸೈಟಿನಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆ, ದ್ವಿತೀಯ ಪಿಯುಸಿ ಓದುವ ಒಬ್ಬಳೇ ಮಗಳು. ಇಪ್ಪತ್ತೈದು ವರ್ಷ ಬೆಂಗಳೂರಿನ ನೀರು ಕುಡಿದರೂ ನಾಲಿಗೆ ಮಾತ್ರ ಮಂಗಳೂರಿನ ಮಾರ್ಕೆಟ್ ರಸ್ತೆ ಬಿಟ್ಟು ಬಂದಿಲ್ಲ.

ಆ ರಸ್ತೆಯಲ್ಲಿ 1975ರ ಮೇ 1ರಂದು ಎಸ್. ಪ್ರಭಾಕರ ಕಾಮತ್ ಅವರು ‘ಐಡಿಯಲ್’ ಐಸ್‌ಕ್ರೀಂ ಪಾರ್ಲರ್ ತೆರೆದರು. ಅದಕ್ಕೆ ಮೊದಲು ಅವರದು ಪಟಾಕಿ ವ್ಯಾಪಾರ. ಪಟಾಕಿ ಹಬ್ಬದಲ್ಲಿ ಮಾತ್ರ ಖರ್ಚಾಗುವ ಸರಕು. ವರ್ಷವಿಡೀ ನಡೆಯುವ ದಂಧೆ ಬೇಕಿತ್ತು. ಬೆಂಕಿಯ ವ್ಯಾಪಾರದವರು ಮಂಜುಗಡ್ಡೆಗೆ ಕೈ ಹಾಕಿದರು ಎನ್ನಿ! ಕಾಮತರು 2021ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಹೆಸರು ಉಳಿದಿದೆ.

ಗಡ್‌ಬಡ್ ಎಂದರೇನೆಂದು ತಿಳಿಯದವರಿಗೆ ಒಂದು ಮಾತು. ಎತ್ತರದ ಗಾಜಿನ ಲೋಟದಲ್ಲಿ ಒಂದರ ಮೇಲೊಂದು ಬೇರೆ ಬೇರೆ ರುಚಿಯ ಐಸ್‌ಕ್ರೀಂ, ನಡುನಡುವೆ ಹೆಚ್ಚಿದ ಹಣ್ಣು, ಅಲುಗಾಡುವ ಜೆಲ್ಲಿ, ಗೋಡಂಬಿ, ದ್ರಾಕ್ಷಿ. ಅವಸರದಲ್ಲಿ ಬಂದ ಗಿರಾಕಿಗೆ ಇದ್ದಬದ್ದದ್ದನ್ನೆಲ್ಲ ಸೇರಿಸಿ ಕೊಟ್ಟದ್ದರಿಂದ ಈ ಹೆಸರು ಬಂತೆಂದು ಕಥೆ. ಮೊದಲು ಮಾಡಿದವರು ಯಾರೆಂದು ಕೇಳಿದರೆ ಉಡುಪಿಯವರು ತಮ್ಮೂರಿನ ಡಯಾನಾ ಹೋಟೆಲಿನತ್ತ ಕೈ ತೋರಿಸುತ್ತಾರೆ. ಮಂಗಳೂರಿನವರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಜಗಳ ಹಾಗೇ ಇರಲಿ. ಉದ್ದನೆಯ ಚಮಚ ತಳ ಮುಟ್ಟುವ ಹೊತ್ತಿಗೆ ಮೇಲಿನದೆಲ್ಲ ಕರಗಿ ಕೆಳಗಿನದರೊಡನೆ ಬೆರೆತು ಹೆಸರೇ ಇಲ್ಲದ ಒಂದು ಬಣ್ಣವಾಗಿರುತ್ತದೆ. ಅಪ್ಪನ ಪ್ರಕಾರ ನಿಜವಾದ ಗಡ್‌ಬಡ್ ಶುರುವಾಗುವುದೇ ಅಲ್ಲಿ. ಹೈಸ್ಕೂಲಿನ ಮೂವರು ಗೆಳೆಯರು, ಬಸ್ಸು ಹತ್ತದೆ ನಡೆದು ವಾರಗಟ್ಟಲೆ ಕೂಡಿಟ್ಟ ಚಿಲ್ಲರೆ, ಒಂದು ಲೋಟ, ಮೂರು ಚಮಚ. ತಳದ ಆ ಕೊನೆಯ ಚಮಚ ಯಾರಿಗೆ ಎಂಬುದಕ್ಕೆ ಪ್ರತಿ ಸಲವೂ ತಕರಾರು.

ಈ ಕಥೆಯನ್ನು ಮಗಳು ಎಷ್ಟು ಸಲ ಕೇಳಿದ್ದಾಳೋ! ಮಾಲ್‌ನಲ್ಲಿ ಅವಳು ಬರ್ಗರ್ ಕೈಗೆತ್ತಿಕೊಂಡರೆ ಸಾಕು, ಅಪ್ಪನ ಪಾಠ ಶುರು. “ಎಂತ ಮಾರಾಯ್ತಿ, ಡೆಲ್ಲಿಗೆ ಹೋದರೂ ಇದೇ ರುಚಿ, ದುಬೈಗೆ ಹೋದರೂ ಇದೇ ರುಚಿ. ನಿಮಗೆ ನಿಮ್ಮದು ಅಂತ ಒಂದು ಅಂಗಡಿಯೇ ಇಲ್ಲ.” ಐಸ್‌ಕ್ರೀಂ ಡಬ್ಬಿ ತಂದರೆ ಕನ್ನಡಕ ಏರಿಸಿ ಸಣ್ಣಕ್ಷರ ಓದುತ್ತಾರೆ. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ್ದರೆ ಅದನ್ನು ‘ಫ್ರೋಜನ್ ಡೆಸರ್ಟ್’ ಎಂದೇ ಮುದ್ರಿಸಬೇಕೆಂಬ ನಿಯಮವಿದೆಯಲ್ಲ, ಆ ಎರಡು ಪದ ಕಂಡರೆ ಅವರಿಗೆ ಗೆದ್ದಷ್ಟು ಖುಷಿ. ಅವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ದಿನಾ ಊಟದ ಹೊತ್ತಿಗೆ ಬಡಿಸಿದರೆ ಸತ್ಯವೂ ಹಳಸುತ್ತದೆ, ಅಷ್ಟೆ.

ಹೀಗಿರುವಾಗ ಮಗಳು ಟ್ಯೂಷನ್‌ನಿಂದ ತಡವಾಗಿ ಬರತೊಡಗಿದಳು. ಆರೂವರೆಗೆ ಬಿಡುತ್ತಾರೆ, ದಾರಿ ಹತ್ತು ನಿಮಿಷದ್ದು, ಮನೆ ಸೇರುವುದು ಏಳೂಕಾಲಿಗೆ. ಜೆರಾಕ್ಸಿಗೆಂದು ಇಸಿದುಕೊಂಡ ದುಡ್ಡಿಗೂ ಮನೆಗೆ ಬಂದ ಹಾಳೆಗಳಿಗೂ ತಾಳೆಯಾಗಲಿಲ್ಲ. ಪಿಯುಸಿ ಮಕ್ಕಳ ತಾಯಿತಂದೆಯರಿಗೆ ಇಷ್ಟು ಸಾಕು; ಉಳಿದದ್ದನ್ನು ಅವರೇ ಕಲ್ಪಿಸಿಕೊಳ್ಳುತ್ತಾರೆ. ಅಮ್ಮ ರಾತ್ರಿ ನಿದ್ದೆಗೆಟ್ಟರು. ಅಪ್ಪ ಒಂದು ಸಂಜೆ ಬೇಗ ಹೊರಟು ಟ್ಯೂಷನ್ ಬೀದಿಯ ತುದಿಯಲ್ಲಿ ಸ್ಕೂಟರ್ ನಿಲ್ಲಿಸಿ ಕಾದರು.

ಮಗಳು ಹೋದದ್ದು ಒಂದು ಬೇಕರಿಗೆ. ಅಬ್ಬಿಗೆರೆಯ ಮುಖ್ಯರಸ್ತೆಯಲ್ಲಿ, ವೆಲ್ಡಿಂಗ್ ಶಾಪಿನ ಪಕ್ಕ, ಒಂದು ಶಟರಿನ ಅಂಗಡಿ. ಮುಂದೆ ಗಾಜಿನ ಪೆಟ್ಟಿಗೆ, ಮೂಲೆಯಲ್ಲಿ ಐಸ್‌ಕ್ರೀಮಿನ ಫ್ರೀಜರ್, ನಿಂತು ತಿನ್ನಲು ಕಲ್ಲಿನ ಕಟ್ಟೆ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಇಂಥದೊಂದು ಇದೆ, ಹಾಸನ ಕಡೆಯವರು ನಡೆಸುವಂಥದು. 1898ರಲ್ಲಿ ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದಂದಿನಿಂದ ಹಬ್ಬಿದ ಬಳ್ಳಿ ಇದು. ಅಯ್ಯಂಗಾರ್ ಬೇಕರಿ ಎಂಬ ಹೆಸರೇ ಆಮೇಲೆ ಒಂದು ಜಾತಿಯ ಅಂಗಡಿಯ ಹೆಸರಾಗಿ ಹೋಯಿತು.

ಕಟ್ಟೆಯ ಸುತ್ತ ನಾಲ್ವರು ಹುಡುಗಿಯರು. ಮಧ್ಯದಲ್ಲಿ ಬಿಚ್ಚಿಟ್ಟ ಭೌತಶಾಸ್ತ್ರದ ನೋಟ್ಸು, ಅದರ ಮೇಲೆ ಕಾಗದದ ತಟ್ಟೆ. ಅಂಗಡಿಯವರು ಬನ್ನನ್ನು ಸೀಳಿ, ಬೆಣ್ಣೆ ಸವರಿ, ಹಸಿರು ಚಟ್ನಿ ಹಚ್ಚಿ, ಈರುಳ್ಳಿ ಟೊಮೇಟೊ ಜೋಡಿಸಿ, ಒಂದು ಇಡೀ ನಿಪ್ಪಟ್ಟನ್ನು ಒಳಗಿಟ್ಟು ಅಂಗೈಯಿಂದ ಒತ್ತಿದರು. ಕರಕ್ ಎಂದು ಸದ್ದು. ಆಮೇಲೆ ಕೇಳದೆಯೇ ಚಾಕುವಿನಿಂದ ನಾಲ್ಕು ತುಂಡು ಮಾಡಿದರು.

ಅಪ್ಪ ಬೈಯಲೆಂದೇ ಹೋದವರು. ಬಾಯಿಂದ ಬಂದದ್ದು ಮಾತ್ರ, “ಇದೆಂತದು, ಬನ್ನಿನ ಒಳಗೆ ನಿಪ್ಪಟ್ಟಾ?”

ಹುಡುಗಿಯರ ಮುಖ ಬಿಳಿಚಿತು. ಅಂಗಡಿಯವರೇ ಕಾಪಾಡಿದರು. “ಬನ್ ನಿಪ್ಪಟ್ಟು ಸಾರ್. ನಮ್ಮ ಬೆಂಗಳೂರು ಬರ್ಗರು. ನಿಮಗೂ ಒಂದು ಹಾಕ್ಲಾ?”

ಹಾಕಿಸಿಕೊಂಡರು. ಬನ್ ಮೆತ್ತಗೆ, ನಿಪ್ಪಟ್ಟು ಗರಿಗರಿ, ಚಟ್ನಿಯ ಖಾರ ಕಣ್ಣಿಗೇರುವಷ್ಟು. ಚೆನ್ನಾಗಿದೆ ಎನ್ನಲು ಮನಸ್ಸು ಒಪ್ಪಲಿಲ್ಲ, ಆದರೆ ತಟ್ಟೆಯಲ್ಲಿ ಚೂರೂ ಉಳಿಯಲಿಲ್ಲ.

ಸ್ಕೂಟರಿನ ಹಿಂದೆ ಕೂತು ಮಗಳು ಒಂದೊಂದೇ ಹೇಳಿದಳು. ಗೆಳತಿಯರಲ್ಲಿ ಒಬ್ಬಳ ಅಪ್ಪನ ಲೇತ್ ವರ್ಕ್‌ಶಾಪು ಮುಚ್ಚಿದೆ, ಪರೀಕ್ಷೆ ಮುಗಿದ ವಾರವೇ ಮನೆಯವರೆಲ್ಲ ತುಮಕೂರಿಗೆ ವಾಪಸು. ಇನ್ನೊಬ್ಬಳ ಓದು ಪಿಯುಸಿಗೇ ನಿಲ್ಲುತ್ತದೆ, ಗಂಡು ನೋಡುತ್ತಿದ್ದಾರೆ. ಅವಳು ಲೆಕ್ಕದಲ್ಲಿ ನಾಲ್ವರಿಗೂ ಮುಂದೆ. “ಅವಳ ಮನೇಲಿ ನಾವು ಹೋಗೋ ಹಾಗಿಲ್ಲ ಪಪ್ಪ. ಮತ್ತೆ ಎಲ್ಲಿ ಕೂರೋದು?”

ಅದೂ ನಿಜವೇ. ಕಂಡಕಂಡಲ್ಲಿ ಕಟ್ಟಡ ಎದ್ದ ಅಬ್ಬಿಗೆರೆಯಲ್ಲಿ ಹುಡುಗರಾದರೆ ಬೈಕಿನ ಮೇಲೆ, ಮೋರಿಯ ಕಟ್ಟೆಯ ಮೇಲೆ ಎಲ್ಲಾದರೂ ಕೂರುತ್ತಾರೆ, ಯಾರೂ ಕೇಳುವುದಿಲ್ಲ. ಹದಿನೇಳರ ನಾಲ್ಕು ಹುಡುಗಿಯರು ಅರ್ಧ ಗಂಟೆ ನಿಂತು ಮಾತಾಡಲು ಒಂದು ಬನ್ನಿನ ನೆಪ ಬೇಕು. ಅದನ್ನು ಅರಿತ ಅಂಗಡಿಯವರು ಅವರನ್ನು ಎಬ್ಬಿಸುವುದಿಲ್ಲ. ಗಿರಾಕಿ ಹೆಚ್ಚಿದ್ದ ದಿನ ನೋಟ್ಸನ್ನು ಪಕ್ಕಕ್ಕೆ ಸರಿಸಿ ಕೊಡುತ್ತಾರೆ, ಅಷ್ಟೆ.

ಮಾರ್ಚ್‌ವರೆಗೆ ಏಳೂಕಾಲಕ್ಕೆ ಬರಬಹುದೆಂದು ಅಮ್ಮನ ಎದುರೇ ತೀರ್ಮಾನವಾಯಿತು. ಜೆರಾಕ್ಸಿನ ಸುಳ್ಳಿಗೆ ಬೈಗುಳ ಬೇರೆಯಾಗಿಯೇ ಸಿಕ್ಕಿತು, ಅದರಲ್ಲಿ ರಿಯಾಯಿತಿ ಇರಲಿಲ್ಲ.

ಅಂದು ರಾತ್ರಿ ಊಟದ ಹೊತ್ತಿಗೆ ಅಪ್ಪ ಅಭ್ಯಾಸಬಲದಿಂದ ಐಡಿಯಲ್‌ನ ಕಥೆ ತೆಗೆದರು. ಒಂದು ಲೋಟ, ಮೂರು ಚಮಚ. ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಎದ್ದು ಹೋಗುವ ಮಗಳು ಕೂತೇ ಇದ್ದಳು.

“ಪಪ್ಪ, ಆ ಇನ್ನಿಬ್ಬರು ಈಗ ಎಲ್ಲಿದ್ದಾರೆ?”

ಒಬ್ಬ ಮಸ್ಕತ್ತಿಗೆ ಹೋದದ್ದು ಗೊತ್ತು. ಇನ್ನೊಬ್ಬನ ಅಪ್ಪನಿಗೆ ಬಂದರಿನಲ್ಲಿ ಗುಮಾಸ್ತನ ಕೆಲಸ, ಮನೆ ಕಾರ್‌ಸ್ಟ್ರೀಟಿನ ಹಿಂದೆ ಎಲ್ಲೋ. ಹೆಸರು ನೆನಪಿದೆ, ಮನೆತನದ ಹೆಸರು ಬರುತ್ತಿಲ್ಲ. ಅಪ್ಪ ಕೈ ತೊಳೆದು ಬಂದು ಫೋನ್ ಹಿಡಿದು ಕೂತರು. ಹತ್ತೂವರೆಯಾದರೂ ದೀಪ ಆರಲಿಲ್ಲ.